ಬಾರದವರ ಮನೆ ಬಾಗಿಲು

ಶುಕ್ರವಾರ ಸಂಜೆ ಏಳು ಗಂಟೆ. ಹೊಸಿಲಿನ ಹೊರಗೆ ಹತ್ತು ಹನ್ನೆರಡು ಜೊತೆ ಚಪ್ಪಲಿಗಳು. ಒಳಗೆ ಹಜಾರದಲ್ಲಿ ಕುರ್ಚಿಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದಾರೆ. ಮಂಡಿನೋವಿನ ಹಿರಿಯರಿಗೆ ಎರಡು ಕುರ್ಚಿ, ಉಳಿದವರಿಗೆಲ್ಲ ನೆಲವೇ. ಮಡಿಲಲ್ಲಿ ಸತ್ಯವೇದ, ಪಕ್ಕದಲ್ಲಿ ಕನ್ನಡಕದ ಡಬ್ಬಿ, ತೋಳಿಗೆ ಒರಗಿ ತೂಕಡಿಸುವ ಮಗು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ. ಒಂದು ಹಾಡು, ಒಂದು ಪ್ರಾರ್ಥನೆ, ಒಂದು ಅಧ್ಯಾಯದ ಓದು, ಅದರ ಮೇಲೆ ಮುಕ್ಕಾಲು ಗಂಟೆ ಮಾತು, ಮತ್ತೆ ಪ್ರಾರ್ಥನೆ, ಕೊನೆಗೆ ಕಾಫಿ. ಕ್ರೈಸ್ತರ ಮನೆ ಪ್ರಾರ್ಥನೆಗೆ ಒಮ್ಮೆಯಾದರೂ ಹೋಗಿ ಬಂದವರಿಗೆ ಈ ನೋಟ ಹೊಸತಲ್ಲ. ಕೆಲವರು ಇದನ್ನು ಪ್ರಾರ್ಥನಾ ಕೂಟ ಎನ್ನುತ್ತಾರೆ, ಕೆಲವರು ಸೆಲ್ ಗ್ರೂಪ್, ಇನ್ನು ಕೆಲವರು ಕೇರ್ ಗ್ರೂಪ್. ಹೆಸರು ಏನೇ ಇರಲಿ, ಹತ್ತಾರು ಮಂದಿ ವಾರಕ್ಕೊಮ್ಮೆ ಒಂದು ಮನೆಯಲ್ಲಿ ಸೇರಿ, ದೇವರ ಮುಂದೆಯೂ ಒಬ್ಬರ ಮುಂದೊಬ್ಬರೂ ಕುಳಿತುಕೊಳ್ಳುವುದು ಇದರ ತಿರುಳು.

ಇಂಥದೊಂದು ಕೂಟದಲ್ಲಿ ಕೊನೆಯ ಪ್ರಾರ್ಥನೆಗೆ ಮೊದಲು ನಾಯಕರು ಗಂಟಲು ಸರಿಮಾಡಿಕೊಂಡು ಹೇಳುತ್ತಾರೆ ಎಂದಿಟ್ಟುಕೊಳ್ಳಿ: ‘ನಮ್ಮ ಸಹೋದರಿಯೊಬ್ಬರು ಮೂರು ವಾರದಿಂದ ಕೂಟಕ್ಕೆ ಬಂದಿಲ್ಲ. ಅವರ ಆತ್ಮಿಕ ಜೀವನಕ್ಕಾಗಿ ವಿಶೇಷವಾಗಿ ಪ್ರಾರ್ಥಿಸೋಣ.’ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಭಾರವಾದ ದನಿಯಲ್ಲಿ ಪ್ರಾರ್ಥನೆ ನಡೆಯುತ್ತದೆ.

ಆ ಸಹೋದರಿ ಬಾರದಿರುವುದಕ್ಕೆ ಕಾರಣ ಬೇರೆಯೇ ಇದೆ. ಬರುವ ವಾರ ಕೂಟ ಅವರ ಮನೆಯಲ್ಲಿ ನಡೆಯಬೇಕು. ಸರದಿ ಶುರುವಾದಾಗ ಮೊದಲ ಮನೆಯಲ್ಲಿ ಬರೀ ಟೀ ಬಿಸ್ಕತ್ತು ಕೊಟ್ಟಿದ್ದರು. ಎರಡನೆಯ ಮನೆಯವರು ಉಪ್ಪಿಟ್ಟು ಕೇಸರಿಬಾತ್ ಮಾಡಿದರು. ಮೂರನೆಯ ಮನೆಯವರು ‘ಇಷ್ಟೇನಾ’ ಅನ್ನಿಸಿಕೊಳ್ಳಬಾರದೆಂದು ಕೋಳಿ ಬಿರಿಯಾನಿಯನ್ನೇ ಮಾಡಿಸಿದರು. ಈ ತಾಯಿಯ ಯಜಮಾನರಿಗೆ ಕಾರ್ಖಾನೆಯಲ್ಲಿ ಎರಡು ತಿಂಗಳಿಂದ ಕೆಲಸವಿಲ್ಲ. ಹದಿನೈದು ಮಂದಿಗೆ ಎಲ್ಲಿಂದ ತಂದು ಬಡಿಸುವುದು? ಕೊಡಲಾಗದು ಎಂದು ಹೇಳಲು ನಾಚಿಕೆ. ಹೇಳದೆ ಹೋಗಿ ಕುಳಿತುಕೊಳ್ಳಲು ಸಂಕೋಚ. ಬಾರದೆ ಇರುವುದೇ ಸುಲಭವಾಯಿತು. ಅವರ ಮನೆಯಲ್ಲಿ ಕಡಿಮೆಯಾದದ್ದು ಭಕ್ತಿಯಲ್ಲ, ಡಬ್ಬಿಯೊಳಗಿನ ಅಕ್ಕಿ.

ಇದು ಯಾವುದೋ ಒಂದು ಊರಿನ ಒಂದು ಮನೆಯ ಕಥೆಯಲ್ಲ. ಚಿಕ್ಕ ಕೂಟಗಳು ಇರುವ ಕಡೆಯಲ್ಲೆಲ್ಲ ಇದು ಬೇರೆ ಬೇರೆ ರೂಪದಲ್ಲಿ ನಡೆಯುತ್ತದೆ. ಕೂಟದಲ್ಲಿ ಹಾಡು ಚೆನ್ನಾಗಿತ್ತು, ಸಂದೇಶ ಚೆನ್ನಾಗಿತ್ತು, ಪ್ರಾರ್ಥನೆಯೂ ಚೆನ್ನಾಗಿತ್ತು. ತಪ್ಪಿದ್ದು ಒಂದೇ. ಎರಡು ಬೀದಿ ದಾಟಿ ಆ ಮನೆಯ ಬಾಗಿಲು ತಟ್ಟಿ, ‘ಏನಮ್ಮಾ, ಹೇಗಿದ್ದೀರಿ?’ ಎಂದು ಕೇಳುವವರಿರಲಿಲ್ಲ. ಹಾಗಾದರೆ ಚಿಕ್ಕ ಕೂಟದ ನಾಯಕನ ಮೊದಲ ಕೆಲಸ ಯಾವುದು? ಮಾತಾಡುವುದೇ, ಬಾಗಿಲು ತಟ್ಟುವುದೇ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಇನ್ನೂರ ಎಂಬತ್ತು ವರ್ಷಗಳಷ್ಟು ಹಿಂದೆ ಇಂಗ್ಲೆಂಡಿನಲ್ಲಿ ನಡೆದ ಒಂದು ಸಾಲದ ಕಥೆ ಎದುರಾಗುತ್ತದೆ.

ಒಂದು ಪೆನ್ನಿಯ ಸಾಲ

ಬ್ರಿಸ್ಟಲ್ ಇಂಗ್ಲೆಂಡಿನ ಪಶ್ಚಿಮದ ರೇವುಪಟ್ಟಣ. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಅಲ್ಲಿ 1739ರಲ್ಲಿ ‘ನ್ಯೂ ರೂಮ್’ ಎಂಬ ಪ್ರಾರ್ಥನಾ ಮಂದಿರ ಕಟ್ಟಿಸಿದ. ಆ ಕಟ್ಟಡ ಇಂದಿಗೂ ಇದೆ. ಕಟ್ಟಿದ ಮೇಲೆ ಸಾಲ ಉಳಿಯಿತು. 1742ರ ಫೆಬ್ರುವರಿ 15ರಂದು ಮುಖ್ಯಸ್ಥರೆಲ್ಲ ಸೇರಿ ಸಾಲ ತೀರಿಸುವ ದಾರಿ ಹುಡುಕುತ್ತಿದ್ದರು. ಆಗ ಕ್ಯಾಪ್ಟನ್ ಫಾಯ್ ಎಂಬಾತ ಒಂದು ಸಲಹೆ ಕೊಟ್ಟ. ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಟ್ಟರೆ ಸಾಲ ತೀರುತ್ತದೆ ಎಂದ. ಯಾರೋ ತಕ್ಷಣ ಆಕ್ಷೇಪಿಸಿದರು: ನಮ್ಮಲ್ಲಿ ಬಹಳ ಮಂದಿ ಬಡವರು, ವಾರಕ್ಕೆ ಒಂದು ಪೆನ್ನಿಯೂ ಅವರಿಗೆ ಭಾರವೇ.

ಫಾಯ್ ಕೊಟ್ಟ ಉತ್ತರ ನೆನಪಿಡುವಂಥದು. ಹಾಗಾದರೆ ಅತಿ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಬಿಡಿ, ವಾರವಾರ ಅವರ ಮನೆಗೆ ನಾನು ಹೋಗುತ್ತೇನೆ, ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ; ನೀವೂ ಒಬ್ಬೊಬ್ಬರು ಹನ್ನೊಂದು ನೆರೆಯವರ ಹೊಣೆ ಹೊತ್ತುಕೊಳ್ಳಿ ಎಂದ. ಹನ್ನೊಂದು ಮಂದಿ, ಒಬ್ಬ ಹೊಣೆಗಾರ, ಒಟ್ಟು ಹನ್ನೆರಡು. ‘ಕ್ಲಾಸ್’ ಎಂಬ ಹೆಸರಿನ ಈ ಗುಂಪು ಹುಟ್ಟಿದ್ದು ಹೀಗೆ, ಧ್ಯಾನ ಮಂದಿರದಲ್ಲಲ್ಲ, ಲೆಕ್ಕದ ಪುಸ್ತಕದ ಮುಂದೆ!

ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಪೆನ್ನಿಗಿಂತ ಹೆಚ್ಚಿನದು ಸಿಕ್ಕಿತು. ಭಾನುವಾರ ಶುಭ್ರ ಬಟ್ಟೆ ತೊಟ್ಟು ಬರುತ್ತಿದ್ದವನು ಮನೆಯಲ್ಲಿ ಕುಡಿದು ಬಿದ್ದಿದ್ದ. ಇನ್ನೊಬ್ಬ ಹೆಂಡತಿಯ ಮೇಲೆ ಹರಿಹಾಯುತ್ತಿದ್ದ. ವೇದಿಕೆಯ ಮೇಲಿಂದ ಕಾಣದ ಬದುಕು ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಕಂಡಿತು. ಈ ಸುದ್ದಿ ವೆಸ್ಲಿಯ ಕಿವಿಗೆ ಬಿದ್ದಾಗ, ತಾನು ಬಹುಕಾಲದಿಂದ ಹುಡುಕುತ್ತಿದ್ದ ದಾರಿ ಇದೇ ಎಂದು ಅವನಿಗೆ ಹೊಳೆಯಿತು. ಅದೇ ವರ್ಷ ಮಾರ್ಚಿನಲ್ಲಿ ಲಂಡನ್ನಿನಲ್ಲೂ ಈ ಏರ್ಪಾಡು ಜಾರಿಗೆ ಬಂತು. ಸಾಲ ವಸೂಲಿಯ ಗುಂಪು ಆರೈಕೆಯ ಗುಂಪಾಯಿತು.

ಮೊದಮೊದಲು ನಾಯಕನೇ ಪ್ರತಿ ಮನೆಗೆ ಹೋಗುತ್ತಿದ್ದ. ಅದರಲ್ಲಿ ತೊಡಕುಗಳು ಕಂಡವು. ಸಮಯ ಸಾಲುತ್ತಿರಲಿಲ್ಲ. ಮನೆಗೆಲಸದಲ್ಲಿದ್ದವರ ಯಜಮಾನರು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಒಂಟಿಯಾಗಿ ಮಾತಾಡಲು ಅವಕಾಶವಿರಲಿಲ್ಲ. ಇಬ್ಬರ ನಡುವೆ ಮನಸ್ತಾಪವಿದ್ದರೆ ಒಬ್ಬೊಬ್ಬರನ್ನೇ ಕಂಡು ಬಗೆಹರಿಸುವುದು ಅಸಾಧ್ಯವಾಗಿತ್ತು. ಆದ್ದರಿಂದ ಹನ್ನೆರಡು ಮಂದಿಯೂ ವಾರಕ್ಕೊಮ್ಮೆ ಒಂದೆಡೆ ಸೇರುವುದೆಂದು ತೀರ್ಮಾನವಾಯಿತು. ಇಂದಿನ ಶುಕ್ರವಾರದ ಕೂಟದ ಪೂರ್ವಜರಲ್ಲಿ ಇದೂ ಒಂದು. ಗಮನಿಸಬೇಕಾದ್ದು ಇಷ್ಟೇ. ಇಲ್ಲಿ ಮನೆ ಭೇಟಿ ಮೊದಲು ಬಂತು, ಕೂಟ ಆಮೇಲೆ ಬಂತು. ಇಂದು ಅನೇಕ ಕಡೆ ಕೂಟ ಉಳಿದಿದೆ, ಭೇಟಿ ಮರೆತುಹೋಗಿದೆ.

1743ರಲ್ಲಿ ವೆಸ್ಲಿ ಸಹೋದರರು ಪ್ರಕಟಿಸಿದ ನಿಯಮಗಳಲ್ಲಿ ಈ ನಾಯಕನ ಕೆಲಸಗಳ ಪಟ್ಟಿಯಿದೆ. ವಾರಕ್ಕೊಮ್ಮೆಯಾದರೂ ತನ್ನ ಗುಂಪಿನ ಪ್ರತಿಯೊಬ್ಬರನ್ನೂ ಕಾಣಬೇಕು. ಅವರ ಆತ್ಮದ ಕ್ಷೇಮ ವಿಚಾರಿಸಬೇಕು. ಬಡವರಿಗಾಗಿ ಅವರು ಕೊಡಲಿಚ್ಛಿಸುವುದನ್ನು ಪಡೆಯಬೇಕು. ವಾರಕ್ಕೊಮ್ಮೆ ಬೋಧಕರನ್ನೂ ಲೆಕ್ಕ ನೋಡುವವರನ್ನೂ ಕಂಡು, ಕಾಯಿಲೆ ಬಿದ್ದವರು ಯಾರು ಎಂದು ತಿಳಿಸಿ, ಹಣವನ್ನು ಲೆಕ್ಕ ಸಮೇತ ಒಪ್ಪಿಸಬೇಕು. ಈ ಪಟ್ಟಿಯಲ್ಲಿ ‘ಪ್ರಸಂಗ ಮಾಡಬೇಕು’ ಎಂಬ ಮಾತೇ ಇಲ್ಲ! ಆದ್ದರಿಂದಲೇ ಹೆಚ್ಚು ಓದಿರದ ಕಸುಬುದಾರರು ಈ ಕೆಲಸವನ್ನು ಮಾಡಬಲ್ಲವರಾದರು. ಪೀಠದ ಮೇಲೆ ಹೆಂಗಸರಿಗೆ ಜಾಗವಿಲ್ಲದ ಆ ಕಾಲದಲ್ಲಿ ಅನೇಕ ಹೆಂಗಸರೂ ನಾಯಕಿಯರಾದರು.

ತರಂಗಂಬಾಡಿಯಿಂದ ಹೋದ ಕಿಡಿ

ವೆಸ್ಲಿ ಈ ಪಾಠವನ್ನು ಹಲವರಿಂದ ಕಲಿತ. 1738ರಲ್ಲಿ ಜರ್ಮನಿಯ ಹೆರ್ನ್‌ಹೂಟ್‌ಗೆ ಹೋಗಿ ಮೊರೇವಿಯನ್ನರ ಪುಟ್ಟ ಗುಂಪುಗಳನ್ನು ಕಣ್ಣಾರೆ ಕಂಡಿದ್ದ. ಆದರೆ ಮೊದಲ ಪಾಠ ನಡೆದದ್ದು ಹುಟ್ಟಿದ ಮನೆಯಲ್ಲೇ. ಆ ಪಾಠದ ಹಿಂದೆ ಭಾರತದ ಒಂದು ಎಳೆಯಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು.

1706ರಲ್ಲಿ ಜೀಗನ್‌ಬಾಲ್ಗ್ ಮತ್ತು ಪ್ಲುಟ್ಶೌ ಎಂಬ ಇಬ್ಬರು ತರುಣರು ಡೆನ್ಮಾರ್ಕಿನ ರಾಜನ ಪರವಾಗಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದರು. ಅವರ ಪತ್ರಗಳು ಇಂಗ್ಲಿಷಿಗೆ ಅನುವಾದವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಆ ಪುಸ್ತಕ ಎಪ್‌ವರ್ತ್ ಎಂಬ ಹಳ್ಳಿಯ ಪಾದ್ರಿಯ ಮನೆ ತಲುಪಿತು. ಪಾದ್ರಿಯ ಹೆಂಡತಿ ಸುಸಾನಾ ವೆಸ್ಲಿ ಅದನ್ನು ಓದಿದಳು. ಸಮುದ್ರ ದಾಟಿ ಅಪರಿಚಿತರ ನಡುವೆ ಹೋಗುವುದು ತನ್ನಿಂದಾಗದು, ಆದರೆ ತನ್ನ ಮನೆಯಲ್ಲಿರುವವರಿಗಾಗಿ ಇನ್ನಷ್ಟು ಮಾಡಬಹುದಲ್ಲ ಎಂದು ಅವಳಿಗೆ ಅನ್ನಿಸಿತು. ಪ್ರತಿ ರಾತ್ರಿ ಒಂದೊಂದು ಮಗುವಿಗೆ ಪ್ರತ್ಯೇಕ ಸಮಯ ಮೀಸಲಿಟ್ಟಳು. ಸೋಮವಾರ ಒಬ್ಬಳಿಗೆ, ಮಂಗಳವಾರ ಇನ್ನೊಬ್ಬಳಿಗೆ... ಗುರುವಾರ ಜಾನ್‌ನ ಸರದಿ. ಆ ಹುಡುಗ ಬೆಳೆದು ಆಕ್ಸ್‌ಫರ್ಡಿನ ವಿದ್ವಾಂಸನಾದ ಮೇಲೂ 1732ರಲ್ಲಿ ತಾಯಿಗೆ ಕಾಗದ ಬರೆದು, ಆ ಗುರುವಾರದ ಸಂಜೆಯ ಒಂದಿಷ್ಟು ಹೊತ್ತನ್ನು ಈಗಲೂ ತನಗಾಗಿ ಕೊಡಲಾದೀತೇ ಎಂದು ಕೇಳಿಕೊಂಡ. ಯಾರಾದರೂ ತನ್ನೊಬ್ಬನ ಮಾತನ್ನೇ ಪೂರ್ತಿ ಕೇಳಿದ ಹೊತ್ತನ್ನು ಮನುಷ್ಯ ಮರೆಯುವುದಿಲ್ಲ.

1711–12ರ ಚಳಿಗಾಲದಲ್ಲಿ ಪಾದ್ರಿ ಲಂಡನ್ನಿಗೆ ಹೋಗಿದ್ದಾಗ ಸುಸಾನಾ ಭಾನುವಾರ ಸಂಜೆ ಮಕ್ಕಳಿಗೂ ಆಳುಗಳಿಗೂ ಪ್ರಾರ್ಥನೆ ನಡೆಸುತ್ತಿದ್ದಳು. ಆಳಿನ ತಂದೆತಾಯಿ ಬಂದರು, ನೆರೆಯವರು ಬಂದರು. ಕೊನೆಗೆ ಇನ್ನೂರು ಮಂದಿ ತುಂಬಿ, ಜಾಗವಿಲ್ಲದೆ ಕೆಲವರು ಹಿಂದಿರುಗಬೇಕಾಯಿತು. ಗಂಡನ ಸ್ಥಾನದಲ್ಲಿದ್ದ ಸಹಾಯಕ ಬೋಧಕರು ದೂರು ಬರೆದರು. ನಿಲ್ಲಿಸುವಂತೆ ಗಂಡನಿಂದ ಸೂಚನೆ ಬಂದಾಗ ಸುಸಾನಾ ವಿನಯದಿಂದಲೇ ಗಟ್ಟಿ ಉತ್ತರ ಕೊಟ್ಟಳು. ನಿಲ್ಲಿಸಬೇಕೆಂದಿದ್ದರೆ ಸಲಹೆಯ ಮಾತು ಬೇಡ, ಸ್ಪಷ್ಟವಾದ ಆಜ್ಞೆಯನ್ನೇ ಕಳಿಸಿ. ಆಗ ದೇವರ ಮುಂದೆ ಉತ್ತರ ಹೇಳುವ ಹೊಣೆ ನಿಮ್ಮದಾಗುತ್ತದೆ ಎಂಬುದು ಅದರ ತಾತ್ಪರ್ಯ. ಆಗ ಜಾನ್‌ಗೆ ಎಂಟು ವರ್ಷ. ಮನೆಯಲ್ಲೇ ಕೂಟ ನಡೆಯಬಹುದು, ಅದನ್ನು ತಾಯಿಯೊಬ್ಬಳು ನಡೆಸಬಹುದು ಎಂಬುದನ್ನು ಅವನು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ.

ತರಂಗಂಬಾಡಿಯಿಂದ ಹೋದ ಕಿಡಿ ನೂರು ವರ್ಷಗಳ ಬಳಿಕ ಬೇರೆ ದಾರಿಯಲ್ಲಿ ಕನ್ನಡ ನಾಡಿಗೆ ಮರಳಿತು. ವೆಸ್ಲಿಯನ್ ಮಿಷನ್ 1821ರಲ್ಲಿ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿ ಮೈಸೂರು ಸೀಮೆಗೆ ಹಬ್ಬಿತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಬಾಸೆಲ್ ಮಿಷನ್ನಿನವರ ಹಿಂದೆಯೂ ಮನೆ ಕೂಟದ ಪರಂಪರೆಯಿತ್ತು. ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಜರ್ಮನ್ ಬೋಧಕ 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿ ಆರಂಭಿಸಿದ ಸತ್ಯವೇದದ ಕೂಟಗಳಿಂದ ಬೆಳೆದು ಬಂದ ಭಕ್ತಿಪಂಥ ಅವರದು. 1947ರಲ್ಲಿ ದಕ್ಷಿಣ ಭಾರತ ಸಭೆ ಅಸ್ತಿತ್ವಕ್ಕೆ ಬಂದಾಗ ಈ ಎರಡೂ ಹೊಳೆಗಳು ಅದರಲ್ಲಿ ಬಂದು ಸೇರಿದವು. ಮಂಗಳೂರು ಕಡೆಯ ಕಥೊಲಿಕರಲ್ಲಿ ಪ್ರತಿ ವಾಡೆಗೊಬ್ಬ ‘ಗುರ್ಕಾರ’ನಿರುವ ಪದ್ಧತಿ ಬೇರೆ ಮೂಲದ್ದು. ಆದರೆ ಅಲ್ಲಿಯೂ ಎಣಿಕೆ ಒಂದೇ: ದೊಡ್ಡ ಸಭೆಯಲ್ಲಿ ಕಳೆದುಹೋಗುವ ಮನೆಯನ್ನು ಹೆಸರು ಹಿಡಿದು ಬಲ್ಲ ಒಬ್ಬನಿರಬೇಕು.

ಮಂಚಕ್ಕೆ ನಾಲ್ಕು ಕಾಲು

ಒಳ್ಳೆಯ ಕೂಟವೆಂದರೆ ಯಾವುದು? ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ಮೊದಲ ಕ್ರೈಸ್ತರ ನಡವಳಿಕೆಯ ವಿವರವಿದೆ. ಅಲ್ಲಿ ನಾಲ್ಕು ಸಂಗತಿಗಳು ಬರುತ್ತವೆ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಮಂಚಕ್ಕೆ ನಾಲ್ಕು ಕಾಲಿದ್ದಂತೆ. ಒಂದು ಕಾಲು ಉದ್ದವಾಗಿ ಇನ್ನೊಂದು ಗಿಡ್ಡವಾದರೆ ಮಲಗಿದವನಿಗೆ ನಿದ್ದೆ ಬಾರದು.

ಬರೀ ಬೋಧನೆಯಾದರೆ ಕೂಟ ಶಾಲೆಯಾಗುತ್ತದೆ. ವರ್ಷಗಟ್ಟಲೆ ಕುಳಿತವರಿಗೂ ಪಕ್ಕದವರ ಮಗಳು ಯಾವ ತರಗತಿ ಎಂದು ತಿಳಿದಿರುವುದಿಲ್ಲ. ಬರೀ ಅನ್ಯೋನ್ಯತೆಯಾದರೆ ಅದು ಹರಟೆಕಟ್ಟೆ. ಬರೀ ಊಟವಾದರೆ ಬಿರಿಯಾನಿಯ ಪೈಪೋಟಿ. ಬರೀ ಪ್ರಾರ್ಥನೆಯಾದರೆ ಅದೊಂದು ಬೇಡಿಕೆ ಪಟ್ಟಿ. ಮಗನಿಗೆ ಸೀಟು, ಮಗಳಿಗೆ ಸಂಬಂಧ, ಸೈಟಿಗೆ ಖಾತೆ. ಬೇಡುವುದು ತಪ್ಪಲ್ಲ. ಆದರೆ ಬೇಡಿಕೆ ಈಡೇರಿದ ಮೇಲೆ ಬಂದು ನೆನೆದುಕೊಳ್ಳುವವರು ಎಷ್ಟು ಮಂದಿ?

ನಾಲ್ಕು ಕಾಲೂ ಸರಿಯಿದ್ದರೆ ಸಾಲದು, ಮಂಚ ನಿಲ್ಲಲು ನೆಲವೂ ಬೇಕು. ಮನೆಯ ಹೊರಗಿನ ಬೀದಿಯೇ ಆ ನೆಲ. ಅದೇ 1743ರ ನಿಯಮಗಳಲ್ಲಿ ಕೇಡು ಮಾಡದಿರುವುದು, ಸಾಧ್ಯವಾದ ಒಳ್ಳೆಯದನ್ನೆಲ್ಲ ಮಾಡುವುದು ಎಂಬವು ದೇವರ ಆರಾಧನೆಯ ನಿಯಮಕ್ಕಿಂತ ಮೊದಲು ಬರುತ್ತವೆ. ಹಸಿದವರು, ಕಾಯಿಲೆಯವರು, ಸೆರೆಮನೆಯಲ್ಲಿರುವವರು ಆ ಒಳ್ಳೆಯದರ ಲೆಕ್ಕದಲ್ಲಿ ಸೇರಿದ್ದಾರೆ. ಜಾತಿ, ಮತ ಕೇಳದೆ ಬೀದಿಯ ಕೊನೆಯ ಮನೆಯ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕೂಟಕ್ಕೆ ಆರೋಗ್ಯವಿದೆ. ತನ್ನ ಸುತ್ತಲೇ ತಿರುಗುವ ಕೂಟ ನಿಂತ ನೀರಿನ ಹಾಗೆ. ಕೆಲವು ದಿನ ತಿಳಿಯಾಗಿ ಕಾಣುತ್ತದೆ, ಆಮೇಲೆ ನಾರುತ್ತದೆ.

ಕೇಳುವ ಕಿವಿ

ಹನ್ನೆರಡು ಮಂದಿಯ ಕೂಟದಲ್ಲಿ ಸಾಮಾನ್ಯವಾಗಿ ಮಾತಾಡುವವರು ಮೂವರು. ಒಬ್ಬರು ನಾಯಕರು, ಇನ್ನೊಬ್ಬರು ನಿವೃತ್ತ ಮೇಷ್ಟ್ರು, ಮತ್ತೊಬ್ಬರು ಎಲ್ಲ ಪ್ರಶ್ನೆಗೂ ಉತ್ತರ ಬಲ್ಲ ತರುಣ. ಉಳಿದ ಒಂಬತ್ತು ಮಂದಿ ತಲೆಯಾಡಿಸುತ್ತಾರೆ. ನಾಯಕನ ಜಾಣ್ಮೆ ಬೇಕಾದದ್ದು ಆ ಒಂಬತ್ತು ಮಂದಿಯ ಬಾಯಿ ತೆರೆಸುವುದಕ್ಕೆ.

ಅದು ಪ್ರಶ್ನೆ ಕೇಳುವ ಬಗೆಯಲ್ಲಿದೆ. ಲೂಕನ ಸುವಾರ್ತೆಯಲ್ಲಿ ಆಸ್ತಿ ಪಾಲು ತೆಗೆದುಕೊಂಡು ದೂರದೇಶಕ್ಕೆ ಹೋಗಿ ಎಲ್ಲ ಕಳೆದುಕೊಂಡು ಮರಳಿದ ಮಗನ ಸಾಮತಿ ಎಲ್ಲರಿಗೂ ಗೊತ್ತು. ‘ಆ ತಂದೆಗೆ ಮಕ್ಕಳೆಷ್ಟು?’ ಎಂದು ಕೇಳಿದರೆ ‘ಇಬ್ಬರು’ ಎಂಬ ಉತ್ತರದೊಂದಿಗೆ ಮಾತು ಮುಗಿಯುತ್ತದೆ. ‘ಮನೆಯಲ್ಲೇ ಇದ್ದು ದುಡಿದ ಹಿರಿಯ ಮಗ ಸಿಟ್ಟಿನಿಂದ ಹೊರಗೇ ನಿಂತನಲ್ಲ, ಅವನ ಜಾಗದಲ್ಲಿ ನೀವಿದ್ದಿದ್ದರೆ ಒಳಗೆ ಹೋಗುತ್ತಿದ್ದಿರಾ?’ ಎಂದು ಕೇಳಿ ನೋಡಿ. ಮೊದಲು ಮೌನ. ಆ ಮೌನಕ್ಕೆ ಹೆದರಿ ನಾಯಕನೇ ಉತ್ತರ ಹೇಳಿಬಿಟ್ಟರೆ ಕೆಲಸ ಕೆಟ್ಟಿತು. ಸ್ವಲ್ಪ ಕಾದರೆ, ಅಪ್ಪ ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡು, ಆಸ್ತಿ ಹಂಚಿಕೆಯಲ್ಲಿ ಮಾತ್ರ ಹಿಂದೆ ಬಿದ್ದ ಯಾರೋ ಒಬ್ಬರು ತಲೆತಗ್ಗಿಸಿಕೊಂಡೇ, ‘ಇಲ್ಲ, ಹೋಗ್ತಿರಲಿಲ್ಲ’ ಎನ್ನುತ್ತಾರೆ. ಅಂದಿನ ಕೂಟ ನಿಜವಾಗಿ ಆರಂಭವಾಗುವುದು ಆ ಗಳಿಗೆಯಲ್ಲಿ.

ಹೆಚ್ಚು ಮಾತಾಡುವವರನ್ನು ತಡೆಯುವುದಕ್ಕೂ ಗೌರವದ ದಾರಿಯಿದೆ. ‘ಮೇಷ್ಟ್ರೇ, ನೀವು ಹೇಳಿದ್ದು ಸರಿ. ಇದೇ ಮಾತಿಗೆ ಆ ಅಮ್ಮ ಏನು ಹೇಳ್ತಾರೋ ಕೇಳೋಣ್ವಾ?’ ಎಂದರೆ ಯಾರಿಗೂ ನೋವಾಗದು. ಸ್ವಂತದ ಸಂಗತಿ ಹೇಳುವಾಗ ಮಾತ್ರ ನಾಯಕ ಮೊದಲಿಗನಾಗಬೇಕು. ‘ಈ ವಾರ ಮಗನ ಮೇಲೆ ವಿನಾಕಾರಣ ರೇಗಿಬಿಟ್ಟೆ’ ಎಂದು ನಾಯಕನೇ ಹೇಳಿಕೊಂಡರೆ ಉಳಿದವರಿಗೆ ಧೈರ್ಯ ಬರುತ್ತದೆ. ತಾನು ಮಾತ್ರ ಸದಾ ಜಯಶಾಲಿಯೆಂದು ಸಾಕ್ಷಿ ಹೇಳುವ ನಾಯಕನ ಮುಂದೆ ಯಾರೂ ತಮ್ಮ ಸೋಲನ್ನು ಬಿಚ್ಚಿಡುವುದಿಲ್ಲ.

ಬಿಚ್ಚಿಟ್ಟದ್ದು ಹೊಸಿಲು ದಾಟಬಾರದು. ಚಾಡಿಗೆ ಎಷ್ಟೋ ವೇಷಗಳಿವೆ, ಅವುಗಳಲ್ಲಿ ಅತ್ಯಂತ ಭಕ್ತಿಯ ವೇಷ ‘ಪ್ರಾರ್ಥನೆ ವಿಷಯ’. ‘ಅವರ ಮಗಳು ಯಾರ ಜೊತೆಯೋ ಓಡಾಡ್ತಿದ್ದಾಳಂತೆ, ಪ್ರಾರ್ಥನೆ ಮಾಡಿ’ ಎಂದು ನಾಲ್ಕು ಮನೆಗೆ ಹೇಳಿದರೆ ಅದು ಪ್ರಾರ್ಥನೆಯಲ್ಲ, ಡಂಗುರ. ಮೊದಲು ಇದಕ್ಕೆ ಬಾಯಿಂದ ಬಾಯಿಗೆ ಹೋಗುವಷ್ಟು ಹೊತ್ತಾದರೂ ಹಿಡಿಯುತ್ತಿತ್ತು. ಈಗ ವಾಟ್ಸ್ಆ್ಯಪ್‌ನಲ್ಲಿ ಒಂದು ಬೆರಳು ಒತ್ತಿದರೆ ಸಾಕು. ಹೀಗೆ ಒಮ್ಮೆ ಮನಸ್ಸು ಒಡೆದವರು ಮತ್ತೆಂದೂ ಬಾಯಿ ಬಿಡುವುದಿಲ್ಲ. ಕೂಟಕ್ಕೆ ಬಂದರೂ ಬಾರದವರ ಲೆಕ್ಕವೇ.

ಗುಟ್ಟು ಕಾಯುವುದಕ್ಕೂ ಒಂದು ಮಿತಿಯಿದೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ ‘ತಾಳ್ಮೆಯಿಂದಿರಮ್ಮ, ದೇವರು ನೋಡಿಕೊಳ್ತಾರೆ’ ಎಂದು ಹೇಳಿ ಕಳಿಸುವುದು ಆರೈಕೆಯಲ್ಲ. ಸಾಯುವ ಮಾತಾಡುವವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಸುಮ್ಮನಾಗುವುದೂ ಸಲ್ಲದು. ಪ್ರಾರ್ಥನೆ ನಡೆಯಲಿ, ಅದರ ಜೊತೆಗೇ ವೈದ್ಯರಲ್ಲಿಗೆ ಕರೆದೊಯ್ಯುವ ಕಾಲುಗಳೂ ಇರಲಿ. ಹೆಂಗಸರಿಗಾಗಿ 181, ಮನಸ್ಸಿನ ಸಂಕಟಕ್ಕಾಗಿ 14416 ಎಂಬ ಸರ್ಕಾರಿ ಸಹಾಯವಾಣಿಗಳಿವೆ. ಕೂಟದ ನಾಯಕ ವೈದ್ಯನೂ ಅಲ್ಲ, ವಕೀಲನೂ ಅಲ್ಲ. ತನ್ನ ಕೈಮೀರಿದ್ದು ಯಾವುದು ಎಂದು ತಿಳಿದಿರುವುದೂ ನಾಯಕತ್ವದ ಒಂದು ಭಾಗವೇ.

ನಾಯಕನನ್ನು ಕೇಳುವವರಾರು?

ವಿಮೋಚನಕಾಂಡದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿರುತ್ತಾನೆ. ಅದನ್ನು ಕಂಡ ಮಾವ ಇತ್ರೋ ಬುದ್ಧಿ ಹೇಳುತ್ತಾನೆ. ಹೀಗೆ ಮಾಡಿದರೆ ನೀನೂ ಬಳಲುತ್ತೀಯೆ, ಜನರೂ ಬಳಲುತ್ತಾರೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಯೋಗ್ಯನನ್ನು ನೇಮಿಸು ಎನ್ನುತ್ತಾನೆ. ದಕ್ಷಿಣ ಕೊರಿಯಾದಲ್ಲಿ ಡೇವಿಡ್ ಯೊಂಗಿ ಚೋ ಎಂಬ ಬೋಧಕ 1964ರಲ್ಲಿ ಕೆಲಸದ ಹೊರೆಗೆ ಕುಸಿದು ಬಿದ್ದಾಗ ಅವನಿಗೆ ದಾರಿ ತೋರಿದ್ದು ಈ ಕಥೆಯೇ. ಮನೆ ಕೂಟಗಳನ್ನು ಕಟ್ಟಿದ. ಗಂಡಸರು ಹಿಂಜರಿದಾಗ ಹೆಂಗಸರನ್ನು ನಾಯಕಿಯರನ್ನಾಗಿ ನೇಮಿಸಿದ. ಸೋಲ್ ನಗರದ ಆ ಸಭೆ ಜಗತ್ತಿನ ಅತಿ ದೊಡ್ಡ ಸಭೆಗಳಲ್ಲೊಂದಾಗಿ ಬೆಳೆಯಿತು. ಸೆಲ್ ಗ್ರೂಪ್ ಎಂಬ ಮಾತು ಎಲ್ಲೆಡೆ ಹಬ್ಬಿದ್ದರಲ್ಲಿ ಆ ಸಭೆಯ ಪಾಲು ದೊಡ್ಡದು. ಆದರೆ ಅದೇ ಚೋ ಸಭೆಯ ಹಣಕ್ಕೆ ನಷ್ಟ ಮಾಡಿದನೆಂದು 2014ರಲ್ಲಿ ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಪಿತ್ತು, ಅಮಾನತಿನಲ್ಲಿಟ್ಟ ಸೆರೆವಾಸದ ಶಿಕ್ಷೆ ವಿಧಿಸಿತು. ಕೆಳಗೆ ಮನೆಮನೆಯಲ್ಲೂ ಒಬ್ಬರನ್ನೊಬ್ಬರು ವಿಚಾರಿಸುವ ವ್ಯವಸ್ಥೆಯಿದ್ದರೆ ಸಾಲದು, ಮೇಲಿನವರನ್ನೂ ಕೇಳುವವರು ಬೇಕು.

ಹನ್ನೆರಡು ಮಂದಿಯ ಕೂಟಕ್ಕೂ ಇದು ಅನ್ವಯಿಸುತ್ತದೆ. ಕಾಣಿಕೆ ಎತ್ತಿದರೆ ಲೆಕ್ಕ ಬರೆಯುವವರು ಬೇರೆಯಿರಲಿ. ಸಭಾಪಾಲಕರಾದ ಅಯ್ಯನವರಿಗೆ ಆಗಾಗ ವರದಿ ಹೋಗಲಿ. ಸದಸ್ಯರ ಮಗಳ ಮದುವೆಯೂ, ಮಗನ ಕೋರ್ಸೂ, ಮನೆಯ ಮಾರಾಟವೂ ತನ್ನ ಅಪ್ಪಣೆಯಿಂದಲೇ ಆಗಬೇಕೆಂದು ನಾಯಕ ಬಯಸತೊಡಗಿದರೆ ಅದು ಕುರಿ ಕಾಯುವುದಲ್ಲ, ಕುರಿ ಕಟ್ಟಿಹಾಕುವುದು. ನಾಯಕನ ಪಕ್ಕದಲ್ಲಿ ಕಲಿಯುವ ಒಬ್ಬರು ಯಾವಾಗಲೂ ಇರಬೇಕು. ಹನ್ನೆರಡು ಇಪ್ಪತ್ತಾದಾಗ ಕೂಟ ಎರಡಾಗಬೇಕು. ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟೇ ಸಂಕಟದ, ಅಷ್ಟೇ ಸಂತೋಷದ ಕೆಲಸ ಅದು.

ಬ್ರಿಸ್ಟಲಿನ ಕಥೆಗೆ ಒಂದು ಕಹಿ ಕೊನೆಯೂ ಇದೆ. ಸಾಲ ತೀರಿತು, ಪೆನ್ನಿ ಮಾತ್ರ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ವಾರಕ್ಕೊಂದು ಪೆನ್ನಿ, ಮೂರು ತಿಂಗಳಿಗೊಂದು ಷಿಲ್ಲಿಂಗ್ ಎಂಬುದು ವಾಡಿಕೆಯಾಗಿ ಗಟ್ಟಿಯಾಗಿತ್ತು. ಕೊಡಲಾರದ ಬಡವರು ನಾಚಿಕೆಯಿಂದ ಹಿಂದೆ ಸರಿಯುತ್ತಿದ್ದಾರೆ ಎಂಬ ದೂರು ಕೇಳಿಬಂತು. ಕೂಟಗಳಲ್ಲಿ ಅದೇ ಜನ ಅದೇ ಸಾಕ್ಷಿಯನ್ನು ವಾರವಾರ ಒಪ್ಪಿಸತೊಡಗಿದರು. ಕ್ಲಾಸುಗಳು ಒಂದೊಂದಾಗಿ ಸೊರಗಿದವು. ಕೊಡಲಾಗದಿದ್ದರೆ ನಾನು ಕೊಡುತ್ತೇನೆ ಎಂಬ ಮಾತಿನಿಂದ ಹುಟ್ಟಿದ ಕೂಟ, ಕೊಡಲಾಗದವರು ಬಾರದಿರುವ ಕೂಟವಾಯಿತು! ಬಿರಿಯಾನಿಯ ಸರದಿಗೂ ಆ ಷಿಲ್ಲಿಂಗಿಗೂ ಏನು ವ್ಯತ್ಯಾಸ?

ಆದ್ದರಿಂದ ಕೂಟದ ಆರೋಗ್ಯ ಅಳೆಯುವವರು ಹಾಡಿನ ಜೋರನ್ನಾಗಲಿ ಹೊಸಿಲಿನ ಹೊರಗಿನ ಚಪ್ಪಲಿಗಳನ್ನಾಗಲಿ ಎಣಿಸಬೇಕಾಗಿಲ್ಲ. ಅಲ್ಲಿ ಅತ್ಯಂತ ಬಡವರಾದವರು, ಅತ್ಯಂತ ಮೌನವಾಗಿರುವವರು ಎಷ್ಟು ನಿರಾಳವಾಗಿ ಕುಳಿತಿದ್ದಾರೆ ಎಂದು ನೋಡಿದರೆ ಸಾಕು. ಅವರು ಬಂದಿಲ್ಲವಾದರೆ, ಬಂದಿಲ್ಲವೆಂಬುದು ಎಷ್ಟು ಬೇಗ ಯಾರ ಗಮನಕ್ಕೆ ಬಂತು ಎಂದು ನೋಡಿದರೆ ಸಾಕು.

ಮೂರು ವಾರದಿಂದ ಬಾರದ ಆ ಸಹೋದರಿಯ ವಿಷಯಕ್ಕೆ ಮರಳಿದರೆ, ಮಾಡಬೇಕಾದದ್ದು ದೊಡ್ಡದೇನಲ್ಲ. ಶನಿವಾರ ಬೆಳಿಗ್ಗೆ ನಾಯಕರೂ ಅವರ ಮನೆಯಾಕೆಯೂ ಎರಡು ಬೀದಿ ನಡೆಯಬೇಕು. ಬಾಗಿಲು ತಟ್ಟಿ, ‘ಕೂಟಕ್ಕೆ ಯಾಕೆ ಬರಲಿಲ್ಲ?’ ಎನ್ನದೆ, ‘ಹೇಗಿದ್ದೀರಮ್ಮಾ?’ ಎನ್ನಬೇಕು. ಕೊಟ್ಟ ನೀರು ಕುಡಿದು ಅರ್ಧ ಗಂಟೆ ಕುಳಿತು ಕೇಳಬೇಕು. ಕೆಲಸ ಕಳೆದುಕೊಂಡ ಯಜಮಾನರಿಗೆ ನೆರವಾಗಬಲ್ಲವರು ಕೂಟದಲ್ಲಿ ಯಾರಿದ್ದಾರೆಂದು ಯೋಚಿಸಬೇಕು. ಮುಂದಿನ ಶುಕ್ರವಾರದ ಕೂಟದಲ್ಲಿ ಯಾರ ಹೆಸರನ್ನೂ ಎತ್ತದೆ, ‘ಇನ್ನು ಮೇಲೆ ಎಲ್ಲ ಮನೆಯಲ್ಲೂ ಬರೀ ಕಾಫಿ’ ಎಂದು ತೀರ್ಮಾನಿಸಿ, ಮೊದಲು ತನ್ನ ಮನೆಯಲ್ಲೇ ಹಾಗೆ ನಡೆಸಿ ತೋರಿಸಬೇಕು.

ಆಗ ಮುಂದಿನ ಸರದಿಯಲ್ಲಿ ಆ ಪುಟ್ಟ ಮನೆಯ ಹೊಸಿಲಿನ ಹೊರಗೂ ಹನ್ನೆರಡು ಜೊತೆ ಚಪ್ಪಲಿಗಳು ಇರುತ್ತವೆ. ಲೋಟ ಸಾಲದೆ ಪಕ್ಕದ ಮನೆಯಿಂದ ನಾಲ್ಕು ತಂದಿರುತ್ತಾರೆ. ಕಾಫಿಗೆ ಸಕ್ಕರೆ ಕೊಂಚ ಕಡಿಮೆಯಿದ್ದೀತು. ಯಾರೂ ಅದನ್ನು ಗಮನಿಸುವುದಿಲ್ಲ.